ಅತ್ತೆಯ ಬಾಟಲಿ, ನನ್ನ ಕಣ್ಣು

ಕಬ್ಬಿನ ಎಲೆ ಕಣ್ಣಿಗೆ ಬಡಿಯಿತು. ಅಷ್ಟೇ.

ಜುಗೂಳದ ನಮ್ಮ ಹೊಲದಲ್ಲಿ ಕಬ್ಬಿನ ರವದಿ, ಅಂದರೆ ಒಣಗಿದ ಎಲೆ, ಸುಲಿಯುತ್ತಿದ್ದೆ. ಎಲೆಯ ಅಂಚು ಬಲಗಣ್ಣಿಗೆ ಗೀರಿತು. ನೀರು ಸೋರಿತು. ಸೆರಗಿನಿಂದ ಒರೆಸಿಕೊಂಡು, ಹಿಡಿದ ಸಾಲು ಮುಗಿಸಿಯೇ ಮನೆಗೆ ಬಂದೆ. ಕಬ್ಬಿನ ಸೀಮೆಯಲ್ಲಿ ಇಷ್ಟಕ್ಕೆಲ್ಲ ಯಾರು ಆಸ್ಪತ್ರೆಗೆ ಹೋಗುತ್ತಾರೆ?

ಮರುದಿನ ಕಣ್ಣು ಕೆಂಡವಾಗಿತ್ತು. ಅತ್ತೆ ಗೋಡೆಯ ಗೂಡಿನಿಂದ ಪುಟ್ಟ ಬಾಟಲಿ ತೆಗೆದರು. ಅವರಿಗೆ ಪೊರೆಯ ಆಪರೇಷನ್ ಆದಮೇಲೆ ಕೊಟ್ಟಿದ್ದ ಡ್ರಾಪ್ಸ್. ಓಣಿಯಲ್ಲಿ ಯಾರ ಕಣ್ಣು ಕೆಂಪಾದರೂ ಆ ಬಾಟಲಿಯೇ ಹೋಗುತ್ತಿತ್ತು. ತೀರಿದರೆ, ಖಾಲಿಯಾದದ್ದನ್ನು ಔಷಧಿ ಅಂಗಡಿಯಲ್ಲಿ ತೋರಿಸಿ ಅಂಥದ್ದೇ ಇನ್ನೊಂದು ತರಿಸುತ್ತಿದ್ದರು.

“ಹಾಕ್ಕೋ, ಎರಡ ದಿನದಾಗ ಕೆಂಪ ಇಳೀತೈತಿ,” ಎಂದರು.

ಇಳಿಯಿತು. ನನ್ನ ಸಿಟ್ಟೆಲ್ಲ ಅದಕ್ಕೇ. ಕೆಂಪು ಇಳಿಯಿತೆಂದು ಖುಷಿಯಾಗಿ ನಾನೇ ಮತ್ತೊಂದು ವಾರ ಹಾಕಿಕೊಂಡೆ. ಆಮೇಲೆ ತಲೆ ಸಿಡಿಯುವಂಥ ನೋವು ಎದ್ದಿತು. ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡಿತ್ತು. ಕಾರ್ಖಾನೆಗೆ ಕಬ್ಬು ಹೇರುವ ಗಾಡಿಯನ್ನು ಅಲ್ಲೇ ಬಿಟ್ಟು ಗಂಡ ನನ್ನನ್ನು ಮಿರಜಿನ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರ್ ಬಾಟಲಿಯನ್ನು ತಿರುಗಿಸಿ ನೋಡಿದರು. “ಅಕ್ಕಾರ, ಇದನ್ನ ಹಾಕಾಕ ಯಾರ ಹೇಳಿದ್ರು? ಇದರಾಗ ಸ್ಟೀರಾಯ್ಡ್ ಐತ್ರಿ, ಮ್ಯಾಲಿನ ಕೆಂಪ ಇಳಸತೈತಿ, ಒಳಗಿನ ರೋಗ ಬೆಳಸತೈತಿ. ಎಲಿ ಗೀರಿದಾಗ ಒಳಗ ಫಂಗಸ್ ಹೊಕ್ಕೈತಿ. ನೀವು ಅದಕ್ಕ ದಿನಾ ಊಟಾ ಹಾಕೀರಿ.”

ಕಾರ್ನಿಯಾ, ಕಪ್ಪು ಗುಡ್ಡೆಯ ಮೇಲಿನ ತಿಳಿ ಪದರ, ಕರಗುತ್ತಿತ್ತು.

ಕರಗಿಸುತ್ತಿದ್ದದ್ದು ಫಂಗಸ್ ಒಂದೇ ಅಲ್ಲವಂತೆ. ನಮ್ಮ ಮೈಯಲ್ಲೇ ಒಂದು ಜೀನ್ ಇದೆಯಂತೆ, ಕೊಲಾಜಿನೇಸ್ ಎಂಬ ಎನ್‌ಜೈಮ್ ಮಾಡಿಸುವಂಥದ್ದು. ಜೀವಕೋಶಗಳ ಸುತ್ತ ಹೆಣೆದುಕೊಂಡಿರುವ ಗಟ್ಟಿ ನಾರನ್ನು ಕತ್ತರಿಸುವುದು ಆ ಎನ್‌ಜೈಮಿನ ಕೆಲಸ. ಬೆರಳು ಕುಯ್ದುಕೊಂಡಾಗ ಹಾಳಾದದ್ದನ್ನು ತೆಗೆದು ಗಾಯ ಮಾಯಲು ಜಾಗ ಮಾಡುವುದೂ ಅದೇ. ಕಾರ್ನಿಯಾ ಕೂಡ ಅಂಥ ನಾರಿನದೇ; ನನ್ನ ಕಣ್ಣಲ್ಲಿ ಮಾತ್ರ ಅದಕ್ಕೆ ನಿಲ್ಲುವುದು ತಿಳಿಯಲಿಲ್ಲ. ಕೇಳಿ ಮೈ ಉರಿಯಿತು. ಎಲೆಗೆ ಬೈಯಬಹುದು, ಅತ್ತೆಗೆ ಬೈಯಬಹುದು. ನಾನು ಉಣಿಸಿ ಬೆಳೆಸಿದ ಮೈಯೇ ನನ್ನ ಕಣ್ಣು ತಿಂದರೆ ಯಾರ ಕೊರಳಪಟ್ಟಿ ಹಿಡಿಯಲಿ?

“ಕಣ್ಣ ಉಳೀತೈತೇನ್ರಿ?” ಎಂದು ಕೇಳಿದೆ.

“ಗುಡ್ಡಿ ಉಳಸಾಕ ನೋಡ್ತೀನ್ರಿ. ನೋಟದ್ದು ಹೇಳಾಕ ಬರೂದಿಲ್ಲ.”

ಹದಿನೆಂಟು ದಿನ ವಾರ್ಡಿನಲ್ಲಿದ್ದೆ. ಗಂಟೆಗೊಮ್ಮೆ ಡ್ರಾಪ್ಸ್. ಅತ್ತೆ ರೊಟ್ಟಿ ಕಟ್ಟಿಕೊಂಡು ಬಂದು ನನ್ನ ಕಾಲ ಬಳಿ ಕೂತರು.

“ನಿನ್ನ ಕಣ್ಣ ನಾನ ಕಳದೆ,” ಎಂದರು.

ಸಮಾಧಾನ ಹೇಳುವಷ್ಟು ಒಳ್ಳೆಯವಳಾಗಿರಲಿಲ್ಲ ನಾನು. ಗೋಡೆಯ ಕಡೆ ಮುಖ ಮಾಡಿ ರೊಟ್ಟಿ ತಿಂದೆ.

ಗುಡ್ಡೆ ಉಳಿಯಿತು. ನೋಟ ಹೋಯಿತು.

ಬೆಳಕು, ಕತ್ತಲೆ ತಿಳಿಯುತ್ತವೆ; ಎದುರು ನಿಂತವರ ಮುಖ ಕಾಣುವುದಿಲ್ಲ. ಕರಗುವುದನ್ನು ತಡೆದು ನಿಲ್ಲಿಸಿದ ಡಾಕ್ಟರಿಗೆ ಕೈ ಮುಗಿಯುತ್ತೇನೆ. ಆದರೆ ಸಿಟ್ಟು ಇಳಿದಿದೆ ಎಂದರೆ ಸುಳ್ಳು. ಮನೆಗೆ ಬಂದಮೇಲೂ ಅತ್ತೆಯ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದೆ.

ಹೋದ ವಾರ ಓಣಿಯ ಸುಮಿತ್ರಾ ಸೆರಗಿನಿಂದ ಕಣ್ಣು ಒತ್ತಿಕೊಂಡು ಬಂದಳು. “ಅಕ್ಕಾ, ರವದಿ ಬಡದೈತಿ. ಆ ಬಾಟ್ಲಿ ಐತೇನ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದರು. ಆ ಕಣ್ಣು ಮರೆಸಲು ನಾನು ಹಾಕುತ್ತಿದ್ದ ಕರಿ ಕನ್ನಡಕವನ್ನು ತಾವೇ ತೆಗೆದರು.

“ನೋಡ ಇಲ್ಲಿ. ಇದು ನನ್ನ ಬಾಟ್ಲಿ ಮಾಡಿದ್ದು. ನಡಿ, ಮಿರಜಿಗೆ ಹೋಗೂಣು.”

ಸುಮಿತ್ರಾಳ ಕೈ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದರು.

“ನಿಲ್ಲರಿ ಅತ್ತಿ,” ಎಂದೆ. “ರೊಟ್ಟಿ ಕಟ್ಟಿ ಕೊಡ್ತೀನಿ.”