ಸದ್ದು ಬಂದ ಕಡೆ ಪಡು

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ನಾಚಿಕೆ ಎಂತದ್ದು? ಅಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೈ ಕಪ್ಪು ಮಾಡಿಕೊಂಡು ಓದಿಸಿದಳು, ನಾನು ಓದಿದೆ. ಕೆಲಸ ಸಿಕ್ಕಿದ ವರ್ಷ, ನಿನಗೇನು ಬೇಕು ಎಂದು ಕೇಳಿದರೆ ಅವಳು ಸೀರೆ ಕೇಳಲಿಲ್ಲ. "ಒಂದ್ಸಲ ಜೋಗ ಕಾಣ್ಕ್" ಎಂದಳು.

ಒಂದು ಶನಿವಾರ ಅಣ್ಣನ ಓಮ್ನಿಯಲ್ಲಿ ಕರಾವಳಿಯ ನಮ್ಮೂರು ಯಡ್ತರೆಯಿಂದ ಹೊರಟೆವು. ಅಪ್ಪ, ಅಮ್ಮ, ಅಣ್ಣ, ನಾನು. ಟೆಂಟಿನಲ್ಲಿ ಮಲಗುವ ಯೋಚನೆ ನನ್ನದು. ಜಲಪಾತದ ಎದುರು ಗುಡ್ಡದಲ್ಲಿ ಜಾಗ ಕೊಡುವವರಿದ್ದರು. ಕೊಲ್ಲೂರಿಗೆ ಹೋಗಿ ಕೈಮುಗಿಯದೆ ಘಟ್ಟ ಹತ್ತಲು ಅಮ್ಮ ಒಪ್ಪಲಿಲ್ಲ. ದರ್ಶನ, ಊಟ ಮುಗಿಸಿ ಮೇಲೆ ತಲುಪುವಾಗ ಸಂಜೆ. ಮಂಜು ಎಷ್ಟಿತ್ತೆಂದರೆ, ಟೆಂಟಿನ ಗೂಟ ಹಿಡಿದ ಅಣ್ಣ ಕಾಣುತ್ತಿದ್ದ, ಅವನ ಕಾಲು ಕಾಣುತ್ತಿರಲಿಲ್ಲ. ಜಾಗದವರು "ಮಂಜು ಸರಿದರೆ ಎದುರಿಗೇ ಕಾಣುತ್ತದೆ" ಎಂದು ಬೈಕ್ ಹತ್ತಿ ಹೋದರು. ಎದುರು ಅಂದರೆ ಯಾವ ಕಡೆ ಎಂದು ನಾವು ಕೇಳಲಿಲ್ಲ.

"ಬಾಗ್ಲ್ ಮೂಡ್ ಬದಿಗೇ ಇರ್ಕ್" ಅಂದಳು ಅಮ್ಮ.

"ಇದ್ ಟೆಂಟ್ ಅಮ್ಮಾ, ಮನಿ ಅಲ್ಲ" ಎಂದೆ.

"ಒಳ್ಗೆ ಮಲ್ಕಂಬುದ್ ಮನ್ಷ್ರಲ್ದಾ?"

ಅಣ್ಣ ನಕ್ಕ. "ಡಿಗ್ರಿ ಮಾಡಿದವ್ಳೇ, ಮೂಡ್ ಯಾವ್ದ್ ಹೇಳ್ ಕಾಂಬ."

ಊರಿನಲ್ಲಿ ಇದು ಪ್ರಶ್ನೆಯೇ ಅಲ್ಲ. ಸೂರ್ಯ ಹುಟ್ಟುವ ಘಟ್ಟದ ಕಡೆ ಮೂಡು, ಮುಳುಗುವ ಕಡಲಿನ ಕಡೆ ಪಡು. ಉಪ್ಪಿನ ಭರಣಿಯನ್ನೂ ಅಮ್ಮ "ಒಂಚೂರ್ ಪಡುವಿಗೆ ಸರ್ಸ್" ಎಂದೇ ಹೇಳುವವಳು. ಇಲ್ಲಿ ಘಟ್ಟದ ಮೇಲೇ ನಿಂತಿದ್ದೆವು. ನನ್ನ ಫೋನು ಒಂದು ದಿಕ್ಕು ತೋರಿಸಿದರೆ ಅಣ್ಣನದು ಇನ್ನೊಂದು.

ಕಡೆಗೆ ಅಪ್ಪ ಕಿವಿಗೆ ಕೈಹಿಡಿದು ನಿಂತರು. "ಮೊರೀತಿತ್ತ್, ಕೇಣಿ. ಅದೇ ಪಡು."

ಎಲ್ಲರಿಗೂ ಸಮಾಧಾನವಾಯಿತು. ಮಳೆಗಾಲದಲ್ಲಿ ಕಡಲಿನ ಮೊರೆತ ಕೇಳಿದ ಕಡೆ ಪಡು ಎಂದು ಹುಟ್ಟಿದಾಗಿನಿಂದ ತಿಳಿದವರು ನಾವು. ಸದ್ದಿಗೆ ಬೆನ್ನು ಮಾಡಿ ಟೆಂಟ್ ಕಟ್ಟಿದೆವು. ಕಡಲು ಅಲ್ಲಿಂದ ಎಷ್ಟು ದೂರ ಎಂದು ನನಗೂ ಹೊಳೆಯಲಿಲ್ಲ.

ಬೆಳಿಗ್ಗೆ ಅಮ್ಮ ಟೆಂಟಿನ ಬಾಗಿಲಲ್ಲಿ ಸೂರ್ಯನಿಗೆ ಕಾದು ಕೂತಿದ್ದಳು. ಅಪ್ಪ ಒಳಗೆ ಬೀಡಿ ಹುಡುಕುತ್ತಿದ್ದರು. ನಾನು ಮುಖ ತೊಳೆಯಲು ಟೆಂಟಿನ ಹಿಂದಕ್ಕೆ ಹೋದೆ. ಇದ್ದಕ್ಕಿದ್ದಂತೆ ಮಂಜು ಸರಿಯಿತು. ಎದುರಿನ ಬಂಡೆಯ ತಲೆಯಿಂದ ನೀರು ಬೆಳ್ಳಗೆ ಕೆಳಕ್ಕೆ ಬೀಳುತ್ತಿತ್ತು. ರಾತ್ರಿಯಿಡೀ ಮೊರೆದದ್ದು ಕಡಲಲ್ಲ, ಅದೇ.

"ಅಮ್ಮಾ! ಹಿಂದೆ ಕಾಣ್! ಇಲ್ಲಿತ್ತ್!"

ಅವಳು ಮಂಡಿ ಹಿಡಿದು ಎದ್ದು, ಟೆಂಟಿನ ಹಗ್ಗ ದಾಟಿ ಬಂದಳು. ಅಷ್ಟರಲ್ಲಿ ಮತ್ತೆ ಮಂಜು. ಅದು ಮುಚ್ಚಿದ್ದು ಮೊದಲೋ, ಅವಳು ತಿರುಗಿದ್ದು ಮೊದಲೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಕಂಡ್ತಾ?"

"ಕಂಡ್ತ್ ಮಗಾ."

ಮಧ್ಯಾಹ್ನದವರೆಗೆ ಕಾದೆವು. ಮಂಜು ಮತ್ತೆ ಬಿಡಲಿಲ್ಲ. ಸೋಮವಾರ ಅಮ್ಮನಿಗೆ ಫ್ಯಾಕ್ಟರಿ ಇತ್ತು. "ಹೋಪ ಇನ್ನ್" ಎಂದು ಅವಳೇ ಮೊದಲು ಓಮ್ನಿ ಹತ್ತಿದಳು.

ಸ್ವಲ್ಪ ದೂರ ಬಂದ ಮೇಲೆ ಹಿಂದಿನ ಸೀಟಿನಲ್ಲಿ ಅವಳು ಮೆಲ್ಲಗೆ ಅಪ್ಪನನ್ನು ಕೇಳಿದ್ದು ನನಗೆ ಕೇಳಿಸಿತು. "ಹ್ವಾಯ್, ಹ್ಯಾಂಗಿತ್ತ್ ಅದ್?"

"ನಂಗೆಲ್ ಕಂಡ್ತ್? ಕಂಡದ್ದ್ ನೀನಲ್ದಾ?"

ಅಮ್ಮ ಸೆರಗಿನಿಂದ ಕಿಟಕಿಯ ಗಾಜು ಒರೆಸತೊಡಗಿದಳು.

"ಅಣ್ಣಾ, ನಿಲ್ಸ್" ಎಂದೆ. ರಸ್ತೆ ಬದಿಗೆ ತಂದು ನಿಲ್ಲಿಸಿದ.

"ಎಂತಾಯ್ತ್ ಹೆಣೆ, ತಲಿ ತಿರ್ಗ್ತಾ?" ಅಮ್ಮ ನನ್ನ ಹೆಗಲು ಹಿಡಿದಳು.

ನಾಳೆ ರಜೆ ಹಾಕು, ವಾಪಸು ಹೋಗುವ ಎನ್ನಬೇಕಿತ್ತು. ಕಂಡೆ ಎಂದವಳಿಗೆ, ನೀನು ಕಂಡಿಲ್ಲ ಎಂದು ಹೇಳುವುದು ಹೇಗೆ? ಅಣ್ಣ ಗೇರ್ ಮೇಲೆ ಕೈಯಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ.