ನಡುಗುವ ಕೈಯಿಂದ ಸುರಿದ ಬಣ್ಣ

ಹುನಗುಂದದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಚಿತ್ರಕಲೆ ಕಲಿಸಿದೆ. ನಿವೃತ್ತಿಗೆ ಎರಡು ವರ್ಷ ಇರುವಾಗ ಬಲಗೈ ನಡುಗತೊಡಗಿತು. ಬಾಗಲಕೋಟೆಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ನಡುಕ ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ ಎಂದರು. ಬೋರ್ಡಿನ ಮೇಲೆ ಒಂದು ನೇರ ಗೆರೆ ಎಳೆಯಲಾಗದೆ ಮಕ್ಕಳಿಗೆ ಬೆನ್ನು ಮಾಡಿ ನಿಂತ ದಿನ, ಮನೆಗೆ ಬಂದು ಕುಂಚಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ.

ಕುಂಚವಿಲ್ಲದೆ, ಬಣ್ಣವನ್ನು ಕ್ಯಾನ್‌ವಾಸಿನ ಮೇಲೆ ಸುರಿದೇ ಚಿತ್ರ ಮಾಡುವುದನ್ನು ಹೆಂಡತಿ ಮೊಬೈಲಿನಲ್ಲಿ ತೋರಿಸಿದಳು. ಅದು ಚಿತ್ರವೇ ಅಲ್ಲ ಎಂದೆ. ಬಾದಾಮಿಯ ಗುಡ್ಡದ ಮುಂದೆ ಮಕ್ಕಳನ್ನು ಕೂರಿಸಿ, ಕಣ್ಣಿಗೆ ಕಂಡದ್ದನ್ನು ಬರೆಯಿರಿ ಎಂದು ಹೇಳಿಕೊಂಡು ಬಂದವನು ನಾನು. ಆದರೂ ತಿಂಗಳ ನಂತರ ನಾನೇ ಬಣ್ಣ ತರಿಸಿದೆ.

ಮೊದಲ ಎರಡು ಕೆಟ್ಟವು. ಬಣ್ಣಗಳೆಲ್ಲ ಕಲೆತು ರಾಡಿಯಾದವು. ಹೆಂಡತಿಯ ತವರು ಇಳಕಲ್ಲು. ಸೀರೆಯ ನೂಲಿಗೆ ಬಣ್ಣ ಹಾಕುವ ಮನೆ. ಅವಳು ನನ್ನ ಬಣ್ಣದ ಲೋಟದಲ್ಲಿ ಕಡ್ಡಿ ಅದ್ದಿ, ಎತ್ತಿ, ಹನಿ ಬೀಳುವುದನ್ನು ನೋಡಿದಳು.

"ಸಾರಿನಂಗ ಆಗೇತ್ರಿ ಇದು. ಅಂಬಲಿಯಂಗ ಇರಬೇಕು."

ಅಂದಿನಿಂದ ಬಣ್ಣ ಕಲಸುವ ಕೆಲಸ ಅವಳದಾಯಿತು. ನಾವು ಚಿತ್ರ ಮಾಡುತ್ತಿದ್ದ ಮಾಳಿಗೆ ಒಂದು ಕಡೆ ಇಳಿಜಾರು ಎಂದು ಕ್ಯಾನ್‌ವಾಸಿನ ಕೆಳಗೆ ಹಂಚಿನ ಚೂರು ಇಟ್ಟು ಮಟ್ಟ ಮಾಡಿದವಳೂ ಅವಳೇ.

ಮೂರನೆಯ ಸಲ ಲೋಟ ಎತ್ತಿದಾಗ ಕೈ ಜೋರಾಗಿ ನಡುಗಿ, ಕೆಂಪು ಬಣ್ಣ ಬಿಳಿಯ ಮೇಲೆಲ್ಲ ಚೆಲ್ಲಿತು. ನಾಚಿಕೆಯಾಗಿ ಲೋಟ ಕೆಳಗಿಡಲು ಹೋದೆ.

"ಬೀಳ್ಲಿ ಬಿಡ್ರಿ," ಎಂದಳು.

ಪೂರ್ತಿ ಸುರಿದೆ. ಆಮೇಲೆ ಇಬ್ಬರೂ ಎದುರುಬದುರು ಹಿಡಿದು ಕ್ಯಾನ್‌ವಾಸನ್ನು ಮೆಲ್ಲಗೆ ವಾಲಿಸಿದೆವು. ಕೆಂಪು ಹರಿದುಹೋಗಿ, ಅಂಚಿಗೆ ಮೊದಲೇ ಸುರಿದಿದ್ದ ಹಸಿರನ್ನು ಮುಟ್ಟಿತು, ಆದರೆ ಕಲೆಯಲಿಲ್ಲ. ಒಣಗಿದ ಮೇಲೆ ಬಹಳ ಹೊತ್ತು ನೋಡಿದೆ. ಗುಡ್ಡವಿಲ್ಲ, ಗಿಡವಿಲ್ಲ. ತಿದ್ದಬೇಕೆನಿಸುವಂಥದ್ದೂ ಏನೂ ಇರಲಿಲ್ಲ.

ಹೋದ ವರ್ಷ ಬಾಗಲಕೋಟೆಯಲ್ಲಿ ಒಂದು ಪ್ರದರ್ಶನಕ್ಕೆ ಅದನ್ನು ಕಳಿಸಿದೆವು. ನನ್ನ ಅಕ್ಷರ ಸೊಟ್ಟಗಾಗುತ್ತದೆಂದು ಅರ್ಜಿ ಅವಳೇ ತುಂಬಿದಳು. ಕಲಾವಿದರ ಹೆಸರಿನ ಜಾಗದಲ್ಲಿ ನನ್ನದೊಂದನ್ನೇ ಬರೆದಿದ್ದಳು. ನಿನ್ನದೂ ಬರಿ ಎಂದೆ.

"ಬಣ್ಣ ಕಲಸಿದವರ ಹೆಸರು ಯಾರು ಬರೀತಾರ್ರಿ?"

"ನಾವು ಬರಿಯೂಣು."

ಗೊಣಗಿಕೊಂಡೇ ಬರೆದಳು. ಪ್ರದರ್ಶನದ ದಿನ ಕಾಲೇಜು ಹುಡುಗಿಯೊಬ್ಬಳು ಇದು ಯಾವುದರ ಚಿತ್ರ ಎಂದು ಅವಳನ್ನೇ ಕೇಳಿದಳು. ಅದು ತನಗೂ ಗೊತ್ತಿಲ್ಲ, ಬೇಕಾದರೆ ಮಾಡುವ ಬಗೆ ಹೇಳುತ್ತೇನೆ ಎಂದು ಹೆಂಡತಿ ನಿಂತಲ್ಲೇ ಶುರುಮಾಡಿದಳು. ಇನ್ನೂ ನಾಲ್ಕು ಜನ ಸುತ್ತ ಸೇರಿದರು. ನಾನು ಕುರ್ಚಿ ಎಳೆದುಕೊಂಡು ಕೇಳುತ್ತ ಕೂತೆ.