ಹಿಮ್ಮಡಿ ನೆನೆಯಿತಾ?

ನನ್ನೊಳಗೆ ಕೂತು ಪಿಸುಗುಡುತ್ತಿದ್ದ ಅದಕ್ಕೆ ಗೊತ್ತಿದ್ದದ್ದು ಒಂದೇ ಮಾತು. ಹಿಮ್ಮಡಿ ನೆನೆಯಿತಾ? ಇಷ್ಟು ದಡ್ಡ ಪ್ರಶ್ನೆಯೊಂದು ವರ್ಷಗಟ್ಟಲೆ ನನ್ನನ್ನು ಆಳಿತು. ಆದರೆ ಅದರ ಮೇಲೆ ಗೌರವ ಮಾತ್ರ ಹುಟ್ಟುವುದಿಲ್ಲ.

ನಮಾಜಿಗೆ ನಿಲ್ಲುವ ಮುಂಚೆ ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ಒದ್ದೆ ಕೈಯಿಂದ ತಲೆ ಸವರಿ, ಕೊನೆಗೆ ಪಾದ ತೊಳೆಯುವುದು ವಜೂ. ಹಿಮ್ಮಡಿಯಷ್ಟು ಜಾಗ ನೆನೆಯದೆ ಉಳಿದರೂ ವಜೂ ಆಗುವುದಿಲ್ಲ. ಒಂದು ಚೊಂಬು ನೀರಿನಲ್ಲಿ ಮುಗಿಯುವ ಕೆಲಸ. ಮುಳಬಾಗಿಲಿನ ನಮ್ಮ ಓಣಿಯಲ್ಲಿ ಅದಕ್ಕಿಂತ ಹೆಚ್ಚು ನೀರು ಚೆಲ್ಲುವ ಧೈರ್ಯ ಯಾರಿಗೂ ಇಲ್ಲ. ನಲ್ಲಿ ಬಂದ ದಿನ ತುಂಬಿಟ್ಟ ನೀಲಿ ಡ್ರಮ್ಮಿನಲ್ಲೇ ಮುಂದಿನ ನಲ್ಲಿಯವರೆಗೆ ಕಾಲ ತಳ್ಳಬೇಕು. ಆ ಡ್ರಮ್ಮಿನ ಪಕ್ಕ ಕೂತು ವಜೂ ಮುಗಿಸಿ ಏಳುತ್ತಿದ್ದೆ. ಅದು ಕೇಳುತ್ತಿತ್ತು. ಮತ್ತೆ ಕೂರುತ್ತಿದ್ದೆ.

ಅದರ ಬುದ್ಧಿಯನ್ನು ನಿಧಾನವಾಗಿ ಗಮನಿಸಿದ್ದೇನೆ. ಊಟಕ್ಕೆ ಕೂತಾಗ ಕೈ ತೊಳೆದೆಯಾ ಎಂದು ಅದು ಯಾವತ್ತೂ ಕೇಳಲಿಲ್ಲ. ಯಾರದೋ ಮನೆಯ ಚಾಡಿಯನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾಗ ಎದ್ದು ಹೋಗು ಅನ್ನಲಿಲ್ಲ. ಗ್ಯಾಸ್ ಆರಿಸಿದೆಯಾ ಎಂದು ನೆನಪಿಸಿದ್ದರೆ ಒಂದು ಉಪಕಾರವಾದರೂ ಆಗುತ್ತಿತ್ತು. ಅಜಾನ್ ಕೇಳಿಸಿದ ಮೇಲೆ ಮಾತ್ರ ಅದಕ್ಕೆ ನನ್ನ ಶುದ್ಧಿಯ ಚಿಂತೆ. ಸೋಮಾರಿ ಕಟ್ಟೆಯ ಮೇಲೆ ಕೂತು ಹೋಗಿಬರುವವರ ಚಪ್ಪಲಿ ನೋಡಿ ಮಾತಾಡುವವನಿಗೂ ಅದಕ್ಕಿಂತ ಹೆಚ್ಚು ವಿಷಯ ಇರುತ್ತದೆ.

ನಮಗೂ ಪಕ್ಕದ ಮನೆಯ ಅಕ್ಕನಿಗೂ ಒಂದೇ ಹಿತ್ತಲು. ಅವರು ಅಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಕಣ್ಣನ್ನು ನಾನೇ ನಂಬದಾದಾಗ ಅವರ ಕಣ್ಣನ್ನು ಕೇಳಿಕೊಂಡೆ.

"ಅಕ್ಕಾ, ನನ್ನ ಹಿಮ್ಮಡಿ ಒದ್ದೆ ಆಗಿದ್ದು ನೋಡಿದ್ರಾ?"

"ನೋಡ್ದೆ ಕಣಮ್ಮಣ್ಣಿ. ಮಸಿ ಹಿಡಿದ ಪಾತ್ರೆ ಉಜ್ಜಿದಂಗೆ ಉಜ್ಜಿದ್ದೀಯ. ಚಾಲು ತಲ್ಲಿ, ಸಾಕು, ಏಳು!" ಎಂದರು ತೆಲುಗು ಬೆರೆಸಿ.

ಕೆಲವು ದಿನ ಆ ಸಾಕ್ಷಿಯ ಬಲದಿಂದ ನಮಾಜ್ ನಡೆಯಿತು. ಆಮೇಲೆ ಅದು ಹೊಸ ವರಸೆ ತೆಗೆಯಿತು: ಅವರ ಕಣ್ಣು ಅವರೆಕಾಯಿ ಮೇಲಿತ್ತಲ್ಲ, ನಿನ್ನ ಕಾಲು ಎಲ್ಲಿ ನೋಡಿದರು? ಒಂದು ಪಾಪದ ಹೆಂಗಸನ್ನು ಅನುಮಾನಿಸುವ ಮಟ್ಟಕ್ಕೆ ಅದು ನನ್ನನ್ನು ಇಳಿಸಿತ್ತು.

ಒಂದು ಸಂಜೆ ಮಗ್ರಿಬ್ ನಮಾಜಿಗೆಂದು ಡ್ರಮ್ಮಿನ ಬಳಿ ಕೂತೆ. ಸೂರ್ಯ ಮುಳುಗಿದ ಮೇಲೆ ಆ ನಮಾಜಿಗೆ ಇರುವ ಹೊತ್ತು ಕಮ್ಮಿ. ತೊಳೆದೆ, ಎದ್ದೆ, ಕೂತೆ, ತೊಳೆದೆ. ಚೊಂಬು ಡ್ರಮ್ಮಿನ ತಳಕ್ಕೆ ತಗುಲಿ ಸದ್ದಾಯಿತು. ಅದೇ ಹೊತ್ತಿಗೆ ಮಸೀದಿಯ ಮೈಕಿನಲ್ಲಿ ಅಜಾನ್ ಶುರುವಾಯಿತು. ಅದು ಮಗ್ರಿಬ್‌ನದಲ್ಲ, ಅದರ ಮುಂದಿನ ಇಶಾ ನಮಾಜಿನದು. ನಾನು ಯಾವ ನಮಾಜಿಗೆ ಶುದ್ಧಳಾಗುತ್ತಿದ್ದೆನೋ ಆ ನಮಾಜೇ ಹೋಗಿತ್ತು. ಒದ್ದೆ ಸೀರೆಯಲ್ಲಿ ಅಲ್ಲೇ ಕೂತೆ. ಹೀಗೇ ಆದರೆ ಒಂದು ದಿನ ನಮಾಜನ್ನೇ ಬಿಟ್ಟುಬಿಡುತ್ತೇನೆ ಎಂಬುದು ಆಗ ಸ್ಪಷ್ಟವಾಗಿ ಗೊತ್ತಾಯಿತು. ಅದಕ್ಕೆ ಬೇಕಾಗಿದ್ದದ್ದೂ ಅದೇ.

ಆ ವಾರ ಶ್ರೀನಿವಾಸಪುರದ ತವರಿಗೆ ಹೋದವಳು, ಚಿಕ್ಕಂದಿನಲ್ಲಿ ನನಗೆ ಕುರಾನ್ ಓದಿಸಿದ ಆಪಾ ಮುಂದೆ ಎಲ್ಲವನ್ನೂ ಹೇಳಿದೆ. ಅಳುತ್ತಾರೆ, ತಲೆ ಸವರುತ್ತಾರೆ ಅಂದುಕೊಂಡಿದ್ದೆ. ಅವರು ಎಲೆ ಅಡಿಕೆ ತುಂಬಿದ ಬಾಯಿ ಮುಚ್ಚಿಕೊಂಡು ನಕ್ಕರು.

"ಹಿಮ್ಮಡಿ ನೆನೀದೆ ಉಳಿದಿದ್ದನ್ನ ಕಣ್ಣಾರೆ ನೋಡಿದ್ಯಾ?"

"ಇಲ್ಲ ಆಪಾ. ಅನ್ನಿಸ್ತು."

"ಅನ್ನಿಸ್ತಂತೆ! ತೊಳೆದಿದ್ದು ಗೊತ್ತಲ್ಲ? ಅಲ್ಲಿಗೆ ಮುಗೀತು. ಅನ್ನಿಸಿದ್ದಕ್ಕೆಲ್ಲ ವಜೂ ಮುರಿಯಲ್ಲ ಬೇಟಿ."

"ಇದು ಶೈತಾನಾ ಆಪಾ?"

"ಶೈತಾನೇ. ಆದ್ರೆ ನಿನಗೆ ಕಳ್ಸಿರೋದು ಯಾವ್ದೋ ಚಿಲ್ರೆದು ಕಣೇ. ನಿನ್ ಕೈಲಿ ಕದಿಸೋ ತಾಕತ್ತಿಲ್ಲ, ಸುಳ್ಳು ಹೇಳ್ಸೋ ತಾಕತ್ತಿಲ್ಲ. ಕೂತ್ಕೊಂಡು ಕಾಲು ತೊಳಸ್ತಿದೆ. ಅದಕ್ಕೆ ಹೋಗಿ ಎದ್ದೆದ್ದು ಜವಾಬು ಕೊಡ್ತಿದ್ಯಲ್ಲ! ಒಂದೇ ಸಲ ತೊಳಿ. ತಿರುಗಿ ನೋಡ್ಬೇಡ. ಯಾರನ್ನೂ ಕೇಳ್ಬೇಡ."

ನಗು ಚುಚ್ಚಿತು. ಬಸ್ಸಿನಲ್ಲಿ ಮುಳಬಾಗಿಲಿಗೆ ಮರಳುವಾಗ, ಅವರು ನಕ್ಕಿದ್ದು ನನ್ನನ್ನು ನೋಡಿ ಅಲ್ಲ ಎಂದು ನಿಧಾನವಾಗಿ ಅರ್ಥವಾಯಿತು. ನಾನು ಇಷ್ಟು ಕಾಲ ಹೆದರಿದ್ದು ನಗಬಹುದಾದ ಒಂದು ವಸ್ತುವಿಗೆ.

ಮರುದಿನ ಇಳಿಹೊತ್ತಿನ ಅಸರ್ ನಮಾಜಿಗೆ ತೊಳೆದು ಎದ್ದೆ. ಅಕ್ಕ ಸುಲಿಯುತ್ತಿದ್ದ ಅವರೆಕಾಯಿಯಿಂದ ತಲೆ ಎತ್ತಿದರು.

"ಏನಮ್ಮಣ್ಣಿ, ಇವತ್ತು ಸಾಕ್ಷಿ ಬೇಡ್ವಾ?"

"ಬೇಡಕ್ಕಾ."

"ಒಳ್ಳೇದಾಯ್ತು ಬಿಡು. ನಾನು ನೋಡೇ ಇಲ್ಲ!"

ತಮಾಷೆಗೆ ಅಂದರು. ಹೊಸ್ತಿಲಲ್ಲಿ ನನ್ನ ಕಾಲು ನಿಂತುಬಿಟ್ಟಿತು. ಗಾಳಿಗೆ ಎಡಗಾಲಿನ ಹಿಮ್ಮಡಿ ನಿಜವಾಗಿಯೂ ಒಣಗಿದಂತಿತ್ತು. ಅದು ಕೇಳಿತು. ಮತ್ತೆ ಕೇಳಿತು. ನಾನು ಒಳಗೆ ಹೋಗಿ ಜಾನಮಾಜ್ ಹಾಸಿ ನಿಂತೆ.

ಈಗಲೂ ಅದು ಬರುತ್ತದೆ. ಒಮ್ಮೊಮ್ಮೆ ವಿಷಯ ಬದಲಿಸಿ, ನಮಾಜಿನ ಸುತ್ತು ಎಷ್ಟಾಯಿತು, ಎಷ್ಟು ರಕಾತ್ ಆಯಿತು ಎನ್ನುತ್ತದೆ. ಬರಲಿ.

ಆದರೆ ಆ ದಿನದ್ದನ್ನು ಇದ್ದ ಹಾಗೆ ಹೇಳಬೇಕು. ನಮಾಜ್ ಪೂರ್ತಿ ಅದು ಕೇಳುತ್ತಲೇ ಇತ್ತು. ಹಣೆ ನೆಲಕ್ಕಿಟ್ಟಾಗ ಹಿಮ್ಮಡಿ ಬೆನ್ನ ಹಿಂದೆಲ್ಲೋ ಇತ್ತು. ಕೊನೆಗೆ ಕೂತು ಸಲಾಮಿಗೆಂದು ಬಲಕ್ಕೆ, ಎಡಕ್ಕೆ ಮುಖ ತಿರುಗಿಸಿದಾಗ ಕಣ್ಣು ಒಂದಿಷ್ಟು ಕೆಳಗಿಳಿಸಿದ್ದರೆ ಕಾಲು ಕಾಣುತ್ತಿತ್ತು. ಇಳಿಸಲಿಲ್ಲ.